ಕಾನೂನು ಮೂರು ಸಲ ಬದಲಾಯಿತು, ದಫ್ತರ ಬದಲಾಗಲಿಲ್ಲ

1

ನಾರಾಯಣಪುರದ ಅಣೆಕಟ್ಟಿನ ಮೇಲೆ ನಿಂತರೆ ಇವತ್ತು ಕಣ್ಣಿಗೆ ಬೀಳೋದು ನೀರು ಮಾತ್ರ. 1982ರಲ್ಲಿ ಮುಗಿದ ಈ ಬಸವಸಾಗರದ ಕೆಳಗೆ ಹೊಲಗಳಿವೆ, ಮನೆಗಳಿವೆ, ಜನ ನಡೆದಾಡಿದ ಹಾದಿಗಳಿವೆ. ಆ ಹಾದಿಗಳಿಗೆ 1948ರ ತನಕ ಒಂದು ಗಡಿ ಇತ್ತು. ಕೃಷ್ಣೆಯ ಈ ದಂಡೆಯ ಸುರಪುರ, ಆ ದಂಡೆಯ ಲಿಂಗಸುಗೂರು ಎರಡೂ ನಿಜಾಮನವು. ಪಡುವಣಕ್ಕೆ ಹೊರಟರೆ ಮುದ್ದೇಬಿಹಾಳ ಸೀಮೆ. ಅದು ಇಂಗ್ಲೀಷರ ಮುಂಬಯಿ ಪ್ರಾಂತ. ಎರಡೂ ಕಡೆ ಒಂದೇ ಮಾತು, ಒಂದೇ ಜೋಳ, ಒಂದೇ ಊರಾಚೆಯ ಕೇರಿ. ಕಾನೂನು ಮಾತ್ರ ಎರಡು.

ಗಡಿಯ ಈಚೆಗೂ ಆಚೆಗೂ ಒಂದು ಸಂಗತಿ ಮಾತ್ರ ಸಮನಾಗಿತ್ತು. ಗೌಡರ ಹಗೇವಿನ ಜೋಳ ಕಳುವಾದರೆ, ಜಾತ್ರೆಯಲ್ಲಿ ಎತ್ತು ಕಾಣೆಯಾದರೆ, ಸಿಪಾಯಿ ಮೊದಲು ಬರುತ್ತಿದ್ದದ್ದು ಕೇರಿಗೆ, ತಾಂಡಾಕ್ಕೆ, ಊರ ಹೊರಗಿನ ಗುಡಿಸಲಿಗೆ. ಯಾರು ಕದ್ದರು ಅಂತ ಹುಡುಕುವ ಮೊದಲೇ ಯಾರನ್ನು ಹಿಡಿಯಬೇಕು ಅನ್ನೋದು ಗೊತ್ತಾಗಿರುತ್ತಿತ್ತು. ಅದು ಎಲ್ಲೋ ಬರೆದಿಟ್ಟಿರುತ್ತಿತ್ತು.

2024ರ ಜುಲೈ 1ರಿಂದ ದೇಶದಲ್ಲಿ ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಿವೆ. 1860ರ ಭಾರತೀಯ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ. ದಂಡಸಂಹಿತೆಯ 511 ಕಲಮುಗಳು 358ಕ್ಕೆ ಇಳಿದಿವೆ. ಗುಲಾಮಗಿರಿಯ ಕಾನೂನು ಹೋಯಿತು, ನ್ಯಾಯದ ಕಾನೂನು ಬಂತು ಅಂತ ಆಳುವವರು ಹೇಳಿದರು. ಅದೇ ದಿನ ನಮ್ಮ ರಾಜ್ಯದ ಕಾನೂನು ಸಚಿವ ಎಚ್.ಕೆ. ಪಾಟೀಲರು, ಈ ಕಾನೂನುಗಳಿಗೆ ಕರ್ನಾಟಕ ತನ್ನದೇ ತಿದ್ದುಪಡಿ ತರುತ್ತದೆ ಅಂದರು.

ಸರಿ, ಬದಲಾಗಲಿ. ಬದಲಾವಣೆಗೆ ನಾವು ಯಾವತ್ತೂ ಅಂಜಿದವರಲ್ಲ. ಆದರೆ ಸುರಪುರ ಸೀಮೆಯವರಾದ ನಮಗೆ ಕಾನೂನು ಬದಲಾಗುವುದು ಇದು ಮೂರನೆಯ ಸಲ. ಹಿಂದಿನ ಎರಡು ಸಲ ಏನು ಹೋಯಿತು, ಏನು ಉಳಿಯಿತು ಅನ್ನೋದನ್ನ ನೋಡದೆ ಈ ಸಲ ಚಪ್ಪಾಳೆ ತಟ್ಟಲು ನಮಗೆ ಆಗುವುದಿಲ್ಲ.

2

ಸುರಪುರ ಬೇಡ ನಾಯಕರ ಸಂಸ್ಥಾನ. 1841ರಲ್ಲಿ ಇಲ್ಲಿಗೆ ಮೆಡೋಸ್ ಟೇಲರ್ ಎಂಬ ಇಂಗ್ಲೀಷ್ ಅಧಿಕಾರಿ ಬಂದ. ರಾಜಾ ವೆಂಕಟಪ್ಪ ನಾಯಕ ಆಗ ಎಳೆಯ ಹುಡುಗ. ಅವನ ಹೆಸರಿನಲ್ಲಿ ಟೇಲರ್ 1853ರ ತನಕ ಆಡಳಿತ ನಡೆಸಿದ. ಅವನು ಕಟ್ಟಿಸಿದ ಬಂಗಲೆಯನ್ನು ಸುರಪುರದ ಗುಡ್ಡದ ಮೇಲೆ ಈಗಲೂ ತೋರಿಸುತ್ತಾರೆ. ಟೇಲರನನ್ನು ನಮ್ಮ ಇತಿಹಾಸಕಾರರು ಒಳ್ಳೆಯ ದೊರೆ ಅಂತ ಹೊಗಳುತ್ತಾರೆ. ನಾವು ಮರೆಯಬಾರದ ಇನ್ನೊಂದು ಸಂಗತಿ ಇದೆ. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಅವನು ಇಂಗ್ಲೆಂಡಿನಲ್ಲಿ ಒಂದು ಕಾದಂಬರಿ ಅಚ್ಚು ಮಾಡಿಸಿ ಹೆಸರು ಮಾಡಿದ್ದ. ಅದು ಒಬ್ಬ ಠಕ್ಕ ತನ್ನ ಕೊಲೆಗಳನ್ನು ತಾನೇ ಹೇಳಿಕೊಳ್ಳುವ ಕಥೆ. ಈ ದೇಶದಲ್ಲಿ ಕೊಲೆ ದರೋಡೆಗಳೇ ವಂಶದ ಕಸುಬಾದ ಜನ ಇದ್ದಾರೆ ಎಂಬ ಮಾತು ಅಲ್ಲಿನ ಓದುಗರ ತಲೆಯಲ್ಲಿ ಕೂತದ್ದಕ್ಕೆ ಈ ಪುಸ್ತಕವೂ ಒಂದು ಕಾರಣ.

1857ರ ಕೊನೆಗೆ ಇಂಗ್ಲೀಷರು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ಜಾರಿ ಮಾಡಿದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಬೇಡನಿಗೆ ಆಯುಧ ಅನ್ನದ ದಾರಿ. ದಂಡು ಬಂತು, ಊರು ಸುಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಿದರು. ಅವರ ಕಥೆ ಲಾವಣಿಯಾಗಿ ಉಳಿಯಿತು. 1858ರ ಫೆಬ್ರುವರಿಯಲ್ಲಿ ಸುರಪುರದ ಮೇಲೂ ದಂಡು ಬಂತು. ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮೊದಲು ಮರಣದಂಡನೆ ಅಂದರು, ಆಮೇಲೆ ಕರಿನೀರು ಅಂದರು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದರು. ಅಲ್ಲಿಗೆ ಒಯ್ಯುವ ಹಾದಿಯಲ್ಲೇ ಗುಂಡೇಟಿನಿಂದ ಅವನು ಸತ್ತ.

ಎರಡೂ ಒಂದೇ ಹೊತ್ತಿನ ಬಂಡಾಯ. ಎರಡರಲ್ಲೂ ಕಾದಿದವರು ಬೇಡರೇ. ರಾಜನಿಗಾದರೆ ಶಿಕ್ಷೆಯನ್ನು ಮೂರು ಸಲ ತೂಗಿ ನೋಡಿದರು. ಹಲಗಲಿಯವರನ್ನು ತೂಗಿ ನೋಡುವ ತಕ್ಕಡಿ ಯಾರ ಬಳಿಯೂ ಇರಲಿಲ್ಲ.

1860ರಲ್ಲಿ ಇಂಗ್ಲೀಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಬಂಡಾಯದ ಕಾಲದಲ್ಲಿ ತಮ್ಮ ಪಕ್ಕ ನಿಂತದ್ದಕ್ಕೆ ಅದು ಇನಾಮು. ಭಾರತೀಯ ದಂಡಸಂಹಿತೆ ಪಾಸಾದದ್ದೂ ಅದೇ 1860ರಲ್ಲಿ. ಹೀಗೆ ಆ ಸಂಹಿತೆ ಹುಟ್ಟಿದ ವರ್ಷವೇ ನಾವು ಅದರ ಸೀಮೆಯಿಂದ ಹೊರಗೆ ಬಿದ್ದೆವು. ಇಲ್ಲಿ ನಿಜಾಮನ ಕಾನೂನು, ಮುದ್ದೇಬಿಹಾಳದ ಕಡೆ ಇಂಗ್ಲೀಷರ ಕಾನೂನು. ಇದು ನಮ್ಮ ಮೊದಲ ಬದಲಾವಣೆ.

3

ಇಂಗ್ಲೀಷರ ದಂಡಸಂಹಿತೆಯ ಬಗ್ಗೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಮೆಕಾಲೆಯ ಆಯೋಗ 1837ರಲ್ಲಿ ಕರಡು ಮಾಡಿ, 1862ರ ಜನವರಿ 1ಕ್ಕೆ ಜಾರಿಯಾದ ಆ ಸಂಹಿತೆ, ಕೊಂದವನು ಬ್ರಾಹ್ಮಣನಾದರೂ ಹೊಲೆಯನಾದರೂ ಕಲಮು ಒಂದೇ ಅಂತ ಕಾಗದದ ಮೇಲಾದರೂ ಹೇಳಿತು. ಒಂದೇ ತಪ್ಪಿಗೆ ವರ್ಣಕ್ಕೊಂದು ದಂಡ ಹಾಕಿದ ಮನುವಿನ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಆ ಮಾತಿಗೆ ಹತ್ತು ವರ್ಷ ಕೂಡ ಆಯುಷ್ಯ ಇರಲಿಲ್ಲ. 1871ರಲ್ಲಿ ಅದೇ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಬಡಿಗನ ಮಗ ಬಡಿಗನಾಗುವ ಹಾಗೆ, ನೇಕಾರನ ಮಗ ನೇಕಾರನಾಗುವ ಹಾಗೆ, ಕಳ್ಳನ ಮಗ ಕಳ್ಳನಾಗುತ್ತಾನೆ ಅನ್ನೋದು ಆ ಕಾಯ್ದೆಯ ಹಿಂದಿದ್ದ ವಾದ. ಈ ವಾದವನ್ನು ಅವರು ಲಂಡನ್ನಿನಿಂದ ತರಲಿಲ್ಲ. ಇಲ್ಲಿನ ಜಾತಿ ಪದ್ಧತಿಯ ಅಂಗಳದಿಂದಲೇ ಎತ್ತಿಕೊಂಡರು. ಸಾವಿರಾರು ವರ್ಷ ಪುರೋಹಿತರು ಹೇಳಿಕೊಂಡು ಬಂದದ್ದನ್ನು ಗೋರಾ ಸಾಹೇಬ ಕಾನೂನಿನ ಭಾಷೆಯಲ್ಲಿ ಬರೆದ, ಅಷ್ಟೆ.

ಆ ಕಾಯ್ದೆ ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಸರಕಾರ ಒಂದು ಜಾತಿಯನ್ನು ಅಪರಾಧಿ ಬುಡಕಟ್ಟು ಅಂತ ಸಾರುತ್ತದೆ. ಅದು ಸರಿಯೋ ತಪ್ಪೋ ಅಂತ ಯಾವ ಕೋರ್ಟೂ ಕೇಳುವಂತಿಲ್ಲ. ಆ ಜಾತಿಯವರ ಹೆಸರು ದಫ್ತರಿಗೆ ಏರುತ್ತದೆ. ಹಾಜರಿ ಕೊಡಬೇಕು. ಊರು ಬಿಡಬೇಕಾದರೆ ಪಾಸು ಬೇಕು. 1911ರಲ್ಲಿ ಕಾಯ್ದೆಯನ್ನು ತಿದ್ದಿ ದೇಶಕ್ಕೆಲ್ಲ ಹಬ್ಬಿಸಿದಾಗ ಬೆರಳಚ್ಚು ಸೇರಿತು. ಪಟ್ಟಿಯಲ್ಲಿದ್ದವನು ಕೆಲವು ಗುನ್ನೆಗಳಲ್ಲಿ ಎರಡನೆಯ ಸಲ ಸಿಕ್ಕರೆ ಕನಿಷ್ಠ ಏಳು ವರ್ಷ, ಮೂರನೆಯ ಸಲ ಸಿಕ್ಕರೆ ಜೀವಾವಧಿ ಕರಿನೀರು. ಅದೇ ಕಳವನ್ನು ಪಟ್ಟಿಯ ಹೊರಗಿನ ಜಾತಿಯವನು ಮಾಡಿದರೆ ಈ ಲೆಕ್ಕ ಇಲ್ಲ.

ನಮ್ಮ ಗಡಿಯಾಚೆ ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಕೊರವರು, ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರನ್ನು ಕುಟುಂಬ ಸಮೇತ ತಂದು ಒಳಗೆ ಹಾಕಿದರು. ಗಂಟಿಚೋರ ಎಂಬ ಹೆಸರನ್ನೇ ನೋಡಿ. ಒಂದು ಜಾತಿಯ ಹೆಸರಿನೊಳಗೇ ಕಳ್ಳ ಎಂಬ ಮಾತನ್ನು ಸೇರಿಸಿದ ಸಮಾಜ ನಮ್ಮದು. ಸೆಟ್ಲಮೆಂಟಿನ ಗಂಡಸರು ಹೆಂಗಸರು ಬೆಳಿಗ್ಗೆ ಎದ್ದು ಗಿರಣಿಗೆ ದುಡಿಯಲು ಹೋಗಬೇಕು, ಸಂಜೆ ಹಾಜರಿಗೆ ಬರಬೇಕು. ಸೊಲ್ಲಾಪುರದ ನೂಲಿನ ಗಿರಣಿಗೆ ಇವರು ಅಗ್ಗದ ಕೂಲಿಗಳಾದರು. ಅಪರಾಧ ತಡೆಯುವ ಕಾಯ್ದೆ ಗಿರಣಿ ಮಾಲೀಕನಿಗೆ ಆಳು ಒದಗಿಸುವ ಕಾಯ್ದೆಯೂ ಆಯಿತು. ಹುಬ್ಬಳ್ಳಿಯಲ್ಲಿ ಆ ಬಡಾವಣೆಯನ್ನು ಜನ ಇವತ್ತಿಗೂ ‘ಸೆಟ್ಲಮೆಂಟ್’ ಅಂತಲೇ ಕರೆಯುತ್ತಾರೆ.

ಮುಂಬಯಿ ಪ್ರಾಂತದ ಈ ಸೆಟ್ಲಮೆಂಟುಗಳ ಮೇಲಧಿಕಾರಿ ಸ್ಟಾರ್ಟ್ ಎಂಬಾತ. 1928ರಲ್ಲಿ ಮುಂಬಯಿ ಸರಕಾರ ದಲಿತರ ಮತ್ತು ಆದಿವಾಸಿಗಳ ಸ್ಥಿತಿ ನೋಡಲು ಸಮಿತಿ ಮಾಡಿದಾಗ ಇದೇ ಸ್ಟಾರ್ಟ್ ಅದರ ಅಧ್ಯಕ್ಷನಾದ. ಆ ಸಮಿತಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಸದಸ್ಯರಾಗಿದ್ದರು. ಅಸ್ಪೃಶ್ಯನ ಪ್ರಶ್ನೆ ಮತ್ತು ‘ಹುಟ್ಟುಕಳ್ಳ’ನ ಪ್ರಶ್ನೆ ಎರಡಲ್ಲ, ಒಂದೇ ಗಾಯದ ಎರಡು ಬಾಯಿ. ಒಬ್ಬನನ್ನು ಮುಟ್ಟಬೇಡ ಅಂದರು, ಇನ್ನೊಬ್ಬನನ್ನು ನಂಬಬೇಡ ಅಂದರು. ಇಬ್ಬರನ್ನೂ ಊರ ಹೊರಗೆ ಇಟ್ಟರು.

4

ಗಡಿಯ ಈಚೆಗೆ ನಮ್ಮ ನಿಜಾಮನ ರಾಜ್ಯದಲ್ಲಿ ಏನಿತ್ತು? ಹೈದರಾಬಾದಿಗೆ ತನ್ನದೇ ದಂಡಸಂಹಿತೆ ಇತ್ತು, ತನ್ನದೇ ಕೋರ್ಟುಗಳಿದ್ದವು. ಅದಾಲತ್ತಿನ ಭಾಷೆ ಉರ್ದು. ನಮ್ಮ ಜನಕ್ಕೆ ಕನ್ನಡವನ್ನೇ ಓದಲು ಕಲಿಸದ ಕಾಲದಲ್ಲಿ, ತನ್ನ ಮೇಲಿನ ಆರೋಪ ಏನು ಅಂತ ತಿಳಿಯಲು ಹೊಲೆಮಾದಿಗರವನು ಇನ್ನೊಬ್ಬನ ಬಾಯಿ ನೋಡಬೇಕಿತ್ತು. ಫಿರ್ಯಾದು, ಜಾಮೀನು, ಮುಚ್ಚಳಿಕೆ, ಪಂಚನಾಮೆ, ಜಪ್ತಿ, ಕೈದಿ: ಈ ಮಾತುಗಳೆಲ್ಲ ಅರಮನೆ ಅದಾಲತ್ತುಗಳ ಭಾಷೆಯಿಂದ ಬಂದು ಇವತ್ತು ಅಕ್ಷರ ಬಾರದ ಮುದುಕಿಯ ನಾಲಗೆಯ ಮೇಲೂ ಇವೆ. ಆಕೆ ಅವನ್ನು ಶಾಲೆಯಲ್ಲಿ ಕಲಿಯಲಿಲ್ಲ, ಚಾವಡಿಯ ಮುಂದೆ ನಿಂತು ಕಲಿತಳು.

ಆದರೆ ಬಡವನ ಪ್ರಕರಣ ಅದಾಲತ್ತಿನವರೆಗೆ ಹೋಗುವುದೇ ಅಪರೂಪ. ಜಾಗೀರುಗಳಲ್ಲಿ ಜಾಗೀರದಾರನೇ ಸರಕಾರ. ಊರಿನಲ್ಲಿ ಮಾಲಿ ಪಾಟೀಲ, ಪೋಲೀಸ್ ಪಾಟೀಲ, ಕುಲಕರ್ಣಿ. ಊರು ಕಾಯುವ ತಳವಾರ ಬೇಡರವನು. ಓಲೆ ಒಯ್ಯುವ, ಕೂಗಿ ಕರೆಯುವ, ಸತ್ತ ದನ ಎಳೆಯುವ ಬಿಟ್ಟಿ ಚಾಕರಿ ಹೊಲೆಮಾದಿಗರದು. ರಾತ್ರಿ ಊರು ಕಾಯಲು ನಂಬಿಕೆಗೆ ಬೇಕಾದ ಮನುಷ್ಯ, ಬೆಳಿಗ್ಗೆ ಕಳವು ಆಗಿದೆ ಅಂದ ಕೂಡಲೇ ಮೊದಲ ಸಂಶಯದ ಮನುಷ್ಯ. ‘ಯಪ್ಪಾ, ನಾ ಏನೂ ಮಾಡಿಲ್ರೀ’ ಅನ್ನೋದು ನಮ್ಮ ಮುತ್ಯಾಗಳ ಕಾಲದಲ್ಲಿ ವಕಾಲತ್ತಿನ ಮೊದಲ ಮಾತೂ ಹೌದು, ಕೊನೆಯ ಮಾತೂ ಹೌದು.

5

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1951ರ ಏಪ್ರಿಲ್ 1ರಂದು ಇಡೀ ಭಾರತದ ದಂಡಸಂಹಿತೆ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾಯಿತು. 1860ರಲ್ಲಿ ನಮ್ಮನ್ನು ತಪ್ಪಿಸಿಕೊಂಡು ಹೋದ ಕಾನೂನು 91 ವರ್ಷದ ಮೇಲೆ ಸುರಪುರಕ್ಕೆ ಬಂತು. ಇದು ಎರಡನೆಯ ಬದಲಾವಣೆ. ಅಷ್ಟೊತ್ತಿಗೆ ಸಂವಿಧಾನ ಬಂದಿತ್ತು. ಅಸ್ಪೃಶ್ಯತೆ ರದ್ದಾಯಿತು ಅಂತ 17ನೆಯ ವಿಧಿ ಸಾರಿತ್ತು. ಆದರೆ 511 ಕಲಮಿನ ದಂಡಸಂಹಿತೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ತಿರುವಿ ಹಾಕಿದರೂ ಕೆರೆಯ ನೀರು ಮುಟ್ಟಬೇಡ ಅಂದವನಿಗೆ ಶಿಕ್ಷೆ ಸಿಗುತ್ತಿರಲಿಲ್ಲ. ಅದಕ್ಕೆ 1955ರಲ್ಲಿ ಬೇರೆ ಕಾಯ್ದೆ ಬೇಕಾಯಿತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬೇಕಾಯಿತು.

ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1952ರ ಆಗಸ್ಟ್ 31ರಂದು ರದ್ದು ಮಾಡಿದರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ಈ ಜನಕ್ಕೆ ಅದು ತಲುಪಲು ಐದು ವರ್ಷ, ಹದಿನಾರು ದಿನ ಹಿಡಿಯಿತು. ಬಂದ ಸ್ವಾತಂತ್ರ್ಯವಾದರೂ ಹೇಗಿತ್ತು? ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡರು. ರಾಜ್ಯಗಳು ಒಂದರ ಹಿಂದೆ ಒಂದು ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿದವು. 1956ರಲ್ಲಿ ಸುರಪುರವನ್ನು ಒಳಗೆ ತೆಗೆದುಕೊಂಡ ಮೈಸೂರು ರಾಜ್ಯ 1961ರಲ್ಲಿ ತನ್ನದನ್ನು ಮಾಡಿತು. ಹಳೆಯ ಕಾಯ್ದೆಯಲ್ಲಿ ಜಾತಿಯ ಹೆಸರಿತ್ತು, ಹೊಸದರಲ್ಲಿ ಜಾತಿಯ ಹೆಸರಿಲ್ಲ. ಇಲ್ಲಿ ಎಣಿಸುವುದು ಒಬ್ಬೊಬ್ಬನಿಗೆ ಎಷ್ಟು ಸಲ ಶಿಕ್ಷೆಯಾಗಿದೆ ಅನ್ನೋದನ್ನ. ಕೇಳಲು ನ್ಯಾಯವೇ. ಆದರೆ ಎಂಬತ್ತು ವರ್ಷ ಯಾರನ್ನು ಹಿಡಿದು ಹಿಡಿದು ದಫ್ತರಿಗೆ ಏರಿಸಿದ್ದರೋ ಅವರಿಗೇ ಅಲ್ಲವೇ ಶಿಕ್ಷೆಗಳ ಲೆಕ್ಕ ದೊಡ್ಡದಿರೋದು? ದಫ್ತರದ ಹೊದಿಕೆ ಬದಲಾಯಿತು. ಒಳಗಿನ ಹೆಸರುಗಳು ಅವೇ.

1898ರ ಪ್ರಕ್ರಿಯಾ ಸಂಹಿತೆಯಲ್ಲಿ ಇನ್ನೊಂದು ಕಲಮಿತ್ತು. ಹೊಟ್ಟೆಪಾಡಿಗೆ ಕಣ್ಣಿಗೆ ಕಾಣುವ ದಾರಿ ಇಲ್ಲದವನಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳಬಹುದು ಅಂತ. ಅಂದರೆ ಬಡತನವೇ ಗುನ್ನೆ. 1973ರ ಸಂಹಿತೆಯಲ್ಲಿ ಆ ಮಾತನ್ನು ತೆಗೆದರು. ಆದರೆ ಅಡಗಿ ತಿರುಗುವವನಿಂದ, ರೂಢಿಗತ ಅಪರಾಧಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಕಲಮುಗಳನ್ನು ಉಳಿಸಿಕೊಂಡರು. ಗುಳೆ ಹೋದ ನಮ್ಮ ಯಾದಗಿರಿ ಸೀಮೆಯ ಜನ ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಮಗ್ಗುಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ಮಲಗಿದಾಗ, ಅದು ಅಡಗುವುದೋ ಬದುಕುವುದೋ ಅಂತ ತೀರ್ಮಾನಿಸುವವನು ಯಾರು? ಟಾರ್ಚು ಹಿಡಿದು ಬಂದ ಪೇದೆ.

6

ಈಗ ಮೂರನೆಯ ಬದಲಾವಣೆ. 2023ರ ಆಗಸ್ಟಿನಲ್ಲಿ ಮಸೂದೆ ಮಂಡಿಸಿ ಡಿಸೆಂಬರಿನಲ್ಲಿ ಪಾಸು ಮಾಡಿದರು. ಪಾಸಾದ ಹೊತ್ತಿಗೆ ಎರಡೂ ಸದನಗಳ 146 ವಿರೋಧಿ ಸದಸ್ಯರು ಅಮಾನತಿನಲ್ಲಿ ಹೊರಗಿದ್ದರು. 

ಒಳ್ಳೆಯದನ್ನು ಒಳ್ಳೆಯದು ಅನ್ನೋಣ. ಹಳೆಯ ಸಂಹಿತೆಯ 310 ಮತ್ತು 311ನೆಯ ಕಲಮುಗಳಲ್ಲಿ ‘ಠಕ್ಕ’ ಎಂಬ ಅಪರಾಧಿ ಕೂತಿದ್ದ. ಟೇಲರನ ಕಾದಂಬರಿಯ ಆ ಪಾತ್ರ ಹೊಸ ಸಂಹಿತೆಯಲ್ಲಿ ಇಲ್ಲ. ಐದು ಅಥವಾ ಹೆಚ್ಚು ಜನ ಗುಂಪುಗೂಡಿ ಜಾತಿ, ಜನಾಂಗ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಪ್ರತ್ಯೇಕ ಕಲಮು ಬಂದಿದೆ. 5,000 ರೂಪಾಯಿಗೆ ಕಡಿಮೆಯ ಕಳವಿಗೆ ಮೊದಲ ಸಲ ಶಿಕ್ಷೆಯಾದವನು ಮಾಲು ತಿರುಗಿ ಕೊಟ್ಟರೆ ಜೈಲಿನ ಬದಲು ಸಮುದಾಯ ಸೇವೆ.

ಇನ್ನು ಮಗ್ಗುಲು ತಿರುವಿ ನೋಡೋಣ. 1980ರಲ್ಲಿ ಸುಪ್ರೀಂ ಕೋರ್ಟು ಪ್ರೇಮಶಂಕರ್ ಶುಕ್ಲಾ ಪ್ರಕರಣದಲ್ಲಿ ಕೈಕೋಳ ಹಾಕುವುದು ಮನುಷ್ಯತ್ವಕ್ಕೆ ಹೊರತಾದದ್ದು ಅಂದಿತ್ತು. ಹೊಸ ಸುರಕ್ಷಾ ಸಂಹಿತೆಯ 43ನೆಯ ಕಲಮು ಕೈಕೋಳಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿದೆ. ಯಾರಿಗೆ ಹಾಕಬಹುದು? ಪಟ್ಟಿಯ ಮೊದಲಲ್ಲೇ ಇದ್ದಾನೆ ‘ರೂಢಿಗತ’ ಅಪರಾಧಿ. ಮುಚ್ಚಳಿಕೆಯ ಹಳೆಯ ಕಲಮುಗಳು 128, 129 ಅಂತ ಹೊಸ ನಂಬರು ಹಾಕಿಕೊಂಡು ಕೂತಿವೆ. ಹಿಂದೆ ಪೋಲೀಸ್ ಕಸ್ಟಡಿಯ 15 ದಿನ ಬಂಧನದ ಮೊದಲ 15 ದಿನದೊಳಗೇ ಮುಗಿಯಬೇಕಿತ್ತು. ಈಗ ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು. ನ್ಯಾಯ ಸಂಹಿತೆಯ 112ನೆಯ ಕಲಮಿನಲ್ಲಿ ‘ಸಣ್ಣ ಸಂಘಟಿತ ಅಪರಾಧ’ ಅಂತ ಹೊಸದೊಂದು ಬಂದಿದೆ. ಗುಂಪಿನ ಸದಸ್ಯನಾಗಿ ಕಳವು ಮಾಡಿದರೆ ಒಂದು ವರ್ಷದಿಂದ ಏಳು ವರ್ಷದ ತನಕ. ಗುಂಪು ಅಂದರೆ ಯಾವುದು? ಪೇಟೆಯ ಸಾಹುಕಾರರ ಕೂಟವನ್ನು ಯಾರೂ ಗುಂಪು ಅನ್ನುವುದಿಲ್ಲ. ಒಟ್ಟಿಗೆ ತಿರುಗಿ ಒಟ್ಟಿಗೆ ಉಣ್ಣುವ ಅಲೆಮಾರಿಗಳಿಗೆ ಆ ಹೆಸರು ಬಲು ಸುಲಭವಾಗಿ ಅಂಟುತ್ತದೆ.

ಹೆಸರುಗಳನ್ನೂ ನೋಡಿ. ನಿಜಾಮನ ಕಾಲಕ್ಕೆ ಕಾನೂನು ಉರ್ದುವಿನಲ್ಲಿ ಬಂತು, 1951ರಲ್ಲಿ ಇಂಗ್ಲೀಷಿನಲ್ಲಿ ಬಂತು, ಈಗ ಸಂಸ್ಕೃತದ ಹೆಸರು ಹೊತ್ತು ಬಂದಿದೆ. ನಾರಾಯಣಪುರದ ಕೂಲಿಗೆ ಮೂರೂ ದೂರವೇ.

7

ಹಾಗಾದರೆ ದಾರಿ ಇಲ್ಲವೇ? ಇದೆ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ, ಅಡಿಗೆ ಮಾಡುವ ಕೆಲಸ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂದಿತು. ಜೈಲಿನ ದಫ್ತರದಿಂದ ಜಾತಿಯ ಕಾಲಂ ತೆಗೆಯಿರಿ ಅಂದಿತು. ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೊಂದಿಗೆ ಸೇರಿಸಿ ಬರೆದ ಜೈಲು ಕೈಪಿಡಿಗಳ ಮಾತುಗಳನ್ನು ಹೊಡೆದುಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ, ದಲಿತರು ಮತ್ತು ಹಿಂದುಳಿದವರ ಹೆಸರನ್ನು ಯೋಚನೆ ಇಲ್ಲದೆ ಪೋಲೀಸ್ ಹಿಸ್ಟರಿ ಶೀಟಿಗೆ ಏರಿಸುವುದನ್ನು ರಾಜ್ಯಗಳು ಮರುನೋಡಬೇಕು ಅಂದಿತ್ತು. ನಾವು ದಫ್ತರ ಅಂದದ್ದನ್ನೇ ಆ ಕೋರ್ಟು ಕೂಡ ಬೆರಳಿಟ್ಟು ತೋರಿಸಿದೆ.

ಅಪರಾಧ ಕಾನೂನು ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಸಮವರ್ತಿ ಪಟ್ಟಿಯ ವಿಷಯ. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯ ತನ್ನ ತಿದ್ದುಪಡಿ ತರಬಹುದು. ಹಾಗೆ ತರುವಾಗ ನಮ್ಮ ಮೂರು ಬೇಡಿಕೆಗಳು ಅದರೊಳಗೆ ಇರಬೇಕು. ಕೈಕೋಳದ ಕಲಮಿನಿಂದ ‘ರೂಢಿಗತ’ ಎಂಬ ಮಾತು ಹೋಗಬೇಕು. 1961ರ ಕಾಯ್ದೆಯ ನೆರಳು ಯಾವ ನಿಯಮದಲ್ಲಿ, ಯಾವ ಕೈಪಿಡಿಯಲ್ಲಿ ಇದ್ದರೂ ಅದನ್ನು ಬೇರುಸಹಿತ ಕೀಳಬೇಕು. ಠಾಣೆಗಳ ರೌಡಿ ಪಟ್ಟಿ, ಹಿಸ್ಟರಿ ಶೀಟುಗಳನ್ನು ಪೋಲೀಸರಲ್ಲದವರು ಕೂಡಿ ಪರೀಕ್ಷೆ ಮಾಡಬೇಕು. ಯಾವ ಕೇರಿಯವರು, ಯಾವ ತಾಂಡಾದವರು ಎಷ್ಟು ಜನ ಅದರಲ್ಲಿದ್ದಾರೆ ಅನ್ನೋದು ಜನಕ್ಕೆ ತಿಳಿಯಬೇಕು.

ಹಳ್ಳಿಯ ಮಾಸ್ತರರಿಗೆ, ಹಾಸ್ಟೆಲಿನ ಹುಡುಗರಿಗೆ ಒಂದು ಮಾತು. ಹೊಸ ಸಂಹಿತೆಯ 173ನೆಯ ಕಲಮು ಕೆಲವು ಗುನ್ನೆಗಳಲ್ಲಿ ದೂರು ದಾಖಲಿಸುವ ಮೊದಲು 14 ದಿನ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಡುತ್ತದೆ. ದೌರ್ಜನ್ಯದ ದೂರು ಕೊಡಲು ಹೋದವರಿಗೂ ಠಾಣೆಯಲ್ಲಿ ಈ ಮಾತು ಹೇಳಿ ವಾಪಸು ಕಳಿಸಬಹುದು. ಆಗ ನೆನಪಿರಲಿ: 1989ರ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಮು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅನ್ನುತ್ತದೆ. 2018ರ ಏಪ್ರಿಲ್ 2ರಂದು ದೇಶದ ದಲಿತರು ಬೀದಿಗಿಳಿದದ್ದರಿಂದ ಬಂದ ಕಲಮು ಅದು. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೇರಿಯ ಗೋಡೆಗೆ ಅಂಟಿಸಿ. ಮುಚ್ಚಳಿಕೆಯನ್ನು ಓದದೆ ಹೆಬ್ಬೆಟ್ಟು ಒತ್ತಬೇಡ ಅಂತ ಪ್ರತಿ ಮನೆಗೂ ಹೇಳಿ.

ಕಾನೂನು ಕದಿಯುವವನನ್ನು ಹಿಡಿಯಲಿ. ಬೇಡ ಅಂದವರು ಯಾರು? ನಮ್ಮ ಜೋಳವೂ ಕಳುವಾಗುತ್ತದೆ, ನಮ್ಮ ಕುರಿಯೂ ಕಳುವಾಗುತ್ತದೆ, ನಮ್ಮ ಭೂಮಿಯಂತೂ ಹಗಲಲ್ಲೇ ಕಳುವಾಗಿದೆ. ನಮ್ಮ ಜಗಳ ಒಂದೇ: ಗುನ್ನೆ ನೋಡಿ ಮನುಷ್ಯನನ್ನು ಹುಡುಕಿ, ಮನುಷ್ಯನ ಕೇರಿ ನೋಡಿ ಗುನ್ನೆ ಹುಡುಕಬೇಡಿ. ಸಂಹಿತೆಯ ಹೆಸರನ್ನು ದೆಹಲಿಯವರು ಬದಲಾಯಿಸಿದ್ದಾರೆ. ನಮ್ಮ ಠಾಣೆಯ ದಫ್ತರವನ್ನು ನಾವೇ ಹೋಗಿ ತೆರೆಸಬೇಕು.